ಒಪ್ಪದವರು ಬಾಜೂ ಮನೆಯವರು

ನನ್ನ ಅಭಿಪ್ರಾಯಗಳ ಬಗ್ಗೆ ನನಗೆ ಯಾವತ್ತೂ ಅನುಮಾನ ಇದ್ದದ್ದಿಲ್ಲ. ಕೇಳುವವರು ಇರಲಿಲ್ಲ, ಅಷ್ಟೆ. ಪಲ್ಯ ಏನು ಎಂದು ಮನೆಯಲ್ಲಿ ದಿನಾ ಕೇಳುತ್ತಾರೆ, ಸಮಾಜದ ಬಗ್ಗೆ ನಿನಗೇನು ಅನ್ನಿಸುತ್ತದೆ ಎಂದು ಯಾರೂ ಕೇಳುವುದಿಲ್ಲ. ಹೀಗಾಗಿ ರಾಯಬಾಗದ ಕಡೆಯ ಒಬ್ಬ ಹುಡುಗಿ ಟ್ಯಾಬು ಹಿಡಿದುಕೊಂಡು ಚಿಕ್ಕೋಡಿಯ ನಮ್ಮ ಓಣಿಗೆ ಬಂದು, "ಜನಾಭಿಪ್ರಾಯ ಕೇಳಾಕ ಬಂದೇನ್ರಿ, ಮನಸಿನ್ಯಾಗ ಇದ್ದದ್ದ ಹೇಳ್ರಿ" ಎಂದಾಗ, ಒಲೆಯ ಮೇಲಿನ ಬೇಳೆಯನ್ನು ನಾದಿನಿ ಸುನಂದಾಳಿಗೆ ಒಪ್ಪಿಸಿ, ಫೋಟೊ ತೆಗೆಸಿಕೊಳ್ಳುವವಳಂತೆ ಸೆರಗು ಸರಿಮಾಡಿಕೊಂಡು ಕುಳಿತೆ.

ನಮ್ಮ ಕಡೆ ಪ್ರಶ್ನೆ ಕೇಳಲು ಬಂದವರಿಗೆ ಮೊದಲು ನಾವೇ ಪ್ರಶ್ನೆ ಹಾಕುತ್ತೇವೆ. ಯಾರ ಮನೆಯವಳು, ತಾಯಿಯ ತವರು ಯಾವುದು, ಅಥಣಿಯಲ್ಲಿ ಯಾರಾದರೂ ಇದ್ದಾರೆಯೇ, ಇಷ್ಟು ತಿಳಿಯದೆ ನಮ್ಮ ಉತ್ತರ ಹೊರಡುವುದಿಲ್ಲ. ತಿಳಿದ ಮೇಲೆ, ಪಾಪ ಬಿಸಿಲಲ್ಲಿ ಬಂದವಳ ಮನಸ್ಸು ನೋಯದಂಥ ಉತ್ತರವನ್ನು, ಅವಳು ಕೇಳಿದ ಭಾಷೆಯಲ್ಲೇ, ಕನ್ನಡವೋ ಮರಾಠಿಯೋ, ಕೊಡುತ್ತೇವೆ. ಈ ಹುಡುಗಿ ಚಹಾ ಮಾತ್ರ ಬೇಡವೆಂದಳು. "ಎಲ್ಲಾರ ಮನ್ಯಾಗೂ ಕುಡದ್ ಕುಡದ್ ಹೊಟ್ಟಿ ಡಬ್ಬ ಆಗೇತ್ರಿ ಕಾಕೂ."

ಹೆಣ್ಣುಮಕ್ಕಳು ಓದಬೇಕೆ? ಓದಬೇಕು. ಗಂಡಸರು ಪಾತ್ರೆ ತೊಳೆಯಬೇಕೆ? "ಅಗದೀ ತೊಳೀಬೇಕು" ಎಂದು ಪೇಪರ್ ಓದುತ್ತಿದ್ದ ನಮ್ಮ ಮನೆಯವರಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದೆ. ಪೇಪರು ಮುಖದ ಮೇಲಕ್ಕೆ ಏರಿತು. ಮುಂದಿನ ಪ್ರಶ್ನೆ, ಗಂಡನನ್ನು ಕಳೆದುಕೊಂಡವರು ಮತ್ತೆ ಮದುವೆಯಾಗುವುದಕ್ಕೆ ನಿಮ್ಮ ಒಪ್ಪಿಗೆ ಇದೆಯೇ? ಅಡಿಗೆಮನೆಯಲ್ಲಿ ಸೌಟಿನ ಸಪ್ಪಳ ನಿಂತಿತು. ಸುನಂದಾ ನಮ್ಮ ಮನೆಯವರ ತಂಗಿ. ಗಂಡ ತೀರಿಕೊಂಡ ಮೇಲೆ ನಮ್ಮಲ್ಲೇ ಇದ್ದಾಳೆ. ದೀಪಾವಳಿಯ ಸುಮಾರಿಗೆ ಕಾಗವಾಡದಿಂದ, ಹೆಂಡತಿಯನ್ನು ಕಳೆದುಕೊಂಡ ಒಬ್ಬ ಮಾಸ್ತರರು ಅವಳನ್ನು ಮದುವೆಗೆ ಕೇಳಿ ಕಳಿಸಿದ್ದರು. ಅವಳಿಗೂ ಮನಸ್ಸಿತ್ತು. "ನಮಗೇನಿಲ್ರಿ, ಜನಾ ಏನಂದಾರು" ಎಂದು ನಾವೇ ತಡೆಹಿಡಿದಿದ್ದೆವು.

"ಪೂರ್ತಿ ಒಪ್ಪಿಗಿ ಐತಿ, ಬರಕೋ" ಎಂದೆ.

"ಆಜೂಬಾಜೂದವ್ರು ಒಪ್ತಾರಂತ ಅನಸ್ತೈತೇನ್ರಿ?"

"ಎಲ್ಲಿ ಒಪ್ತಾರವಾ! ಬಾಜೂ ಮನಿ ಕಮಲಕ್ಕ ಅಂತೂ ಓಣಿ ತುಂಬ ಡಂಗುರಾ ಸಾರ್ತಾಳ."

ಹುಡುಗಿ ನಕ್ಕಳು. ಯಾಕೆ ಎಂದರೆ ಹೇಳಲೊಲ್ಲಳು. ಒಗ್ಗರಣೆ ಅವಲಕ್ಕಿ ಮುಂದಿಟ್ಟ ಮೇಲೆ ಬಾಯಿ ಬಿಟ್ಟಳು. "ಹೆಸರ ಹೇಳಂಗಿಲ್ರಿ. ಆದ್ರ ಈ ಓಣ್ಯಾಗ ಎಲ್ಲಾರೂ ಒಪ್ಪ್ಯಾರ. ಎಲ್ಲಾರೂ, ಬಾಜೂ ಮನ್ಯಾವ್ರು ಒಪ್ಪೂದಿಲ್ಲ ಅಂದಾರ."

ಅಷ್ಟರಲ್ಲಿ ಹಿತ್ತಲ ಗೋಡೆಯ ಮೇಲೆ ಕಮಲಕ್ಕನ ತಲೆ ಕಾಣಿಸಿತು. "ನಾನೇನ ಡಂಗುರಾ ಸಾರ್ತೀನಿ ಬೇ? ನೀನ ಒಪ್ಪಾಕಿ ಅಲ್ಲ ಅಂತ ನಾ ಹೇಳೇನಿ!"

"ಯಾಕ, ನನಗೇನಾಗೇತಿ?"

"ಸುನಂದಾನ ಮದವಿ ಮಾತ ತಗದ್ರ ನಿನ್ನ ಮಾರಿ ಹಾಗಲಕಾಯಿ ತಿಂದಂಗ ಆಗತೈತಲ್ಲ!"

ಸಮೀಕ್ಷೆಗಳಿಂದ ಸಮಾಜದ ಮನಸ್ಸು ತಿಳಿಯುತ್ತದೆ ಎನ್ನುತ್ತಾರೆ. ನಮ್ಮ ಓಣಿಯ ಮಟ್ಟಿಗೆ ತಿಳಿದದ್ದು ಇಷ್ಟು: ಎಲ್ಲರೂ ಸುಧಾರಿಸಿದವರೇ, ಸುಧಾರಿಸದ ಜನ ಯಾವಾಗಲೂ ಗೋಡೆಯ ಆ ಕಡೆ ಇರುತ್ತಾರೆ. ಹೀಗೆ ನಾನು ದೊಡ್ಡ ವಿಚಾರ ಮಾಡುತ್ತಿರುವಾಗ ಸುನಂದಾ ಬಾಗಿಲಿಗೆ ಬಂದು ನಿಂತಳು. ದನಿ ಏರಿಸಲಿಲ್ಲ. "ವೈನಿ, ಎಲ್ಲಾರೂ ಒಪ್ಪಿದ್ರ, ಬ್ಯಾಡ ಅನ್ನಾವ್ರು ಯಾರ ಉಳದ್ರಿ?"

ಹುಡುಕಿ ನೋಡಿದೆ. ಅವಳು ಹೋದರೆ ನಸುಕಿನಲ್ಲಿ ಎದ್ದು ರೊಟ್ಟಿ ಬಡಿಯುವವರು ಯಾರು ಎಂಬ ಚಿಂತೆಯೊಂದು ನನ್ನ ಮನಸ್ಸಿನ ಮೂಲೆಯಲ್ಲಿ ಕುಳಿತಿತ್ತು. ಅದಕ್ಕೆ 'ಜನ' ಎಂಬ ಗೌರವದ ಹೆಸರಿಟ್ಟು ಇಷ್ಟು ದಿನ ಸಾಕಿದ್ದೆ. ನಮ್ಮ ಮನೆಯವರು ಪೇಪರಿನ ಹಿಂದಿನಿಂದಲೇ, "ಈ ಪ್ರಶ್ನಾನೂ ಸಮೀಕ್ಷಾದಾಗ ಐತೇನವಾ?" ಎಂದರು. "ಇಲ್ರಿ ಕಾಕಾ, ಇದು ನಿಮ್ಮ ಮನೀದು" ಎಂದು ಹುಡುಗಿ ಟ್ಯಾಬು ಮುಚ್ಚಿದಳು.

"ಕಾಗವಾಡಕ್ಕ ಫೋನ್ ಹಚ್ಚ್ರಿ" ಎಂದೆ.

ರವಿವಾರ ಮಾಸ್ತರರ ಕಡೆಯವರು ಬಂದರು. ಮಾಸ್ತರರ ಅಕ್ಕ ಲೋಕ ಕಂಡ ಹೆಂಗಸು. ಎಲ್ಲ ಮಾತು ಮುಗಿದ ಮೇಲೆ ನನ್ನ ಕಡೆ ಬಾಗಿ ಕೇಳಿದರು: "ನಿಮ್ಮಲ್ಲೆ ಜನಾ ಏನೂ ಅನ್ನಂಗಿಲ್ಲಲ್ರಿ?"

"ಅನ್ನೂ ಜನಾ ನಾನ ಇದ್ದೆರಿ" ಎಂದೆ. "ಈಗ ಶಿರಾ ಬಡಸಾಕತ್ತೇನಿ, ಇನ್ನೊಂಚೂರ ತಗೋರಿ."