ಎಣ್ಣಿ ಕುಡದ ಕೌದಿ

ಕುಷ್ಟಗಿಯೊಳಗ ನನ್ನದೊಂದು ಔಷಧದ ಅಂಗಡಿ ಐತಿ. ಊರಾಗ ಯಾರು ವಿಮಾನ ಹತ್ತೂದಿದ್ರೂ ಮೊದಲ ನನ್ನ ಅಂಗಡಿ ಕಟ್ಟಿ ಹತ್ತತಾರ. ‘ಚೀಲದಾಗ ಏನೇನು ಇಟ್ಕೋಬೇಕ್ರಿ?’ ನಾ ಹೇಳೂದು ಒಂದು, ಅವರು ಮಾಡೂದು ಇನ್ನೊಂದು. ತಿಂಗಳಿಗೊಂದು ತಮಾಷಿ ತಪ್ಪಿದ್ದಲ್ಲ.

೧. ಮಾಸ್ತರ ಡಬ್ಬಿ

ರಿಟೈರ್ ಆದ ಮಾಸ್ತರೊಬ್ಬರಿಗೆ ‘ಭಾರ ಕಮ್ಮಿ ಮಾಡ್ರಿ’ ಅಂದಿದ್ದೆ. ಗುಳಿಗಿ ಎಲ್ಲಾ ಹಾಳಿಯಿಂದ ಬಿಡಿಸಿ, ಚಟ್ನಿ ಡಬ್ಬಿಯೊಳಗ ಸುರುವಿಕೊಂಡು ಬಂದ್ರು. ಬಿಪಿ, ಶುಗರ್ ಎಲ್ಲಾ ಒಂದ ಕಡೆ.

‘ಯಾವುದು ಯಾವುದಂತ ಹೆಂಗ ಗೊತ್ತಾಗ್ತೈತ್ರಿ ಸರ?’

‘ಸಾಲ್ಯಾಗ ಅಷ್ಟು ಹುಡುಗರ ಗುರುತು ಹಿಡದಾಂವಗ ಇವು ಯಾವ ಲೆಕ್ಕ?’

ಹಿಡದು ತೋರಿಸ್ರಿ ಅಂದೆ. ಹಿಡದ್ರು, ಒಂದು ಮಾತ್ರ ಗುರುತು ಹತ್ತಲಿಲ್ಲ. ನೋಡಿದ್ರ ಅದು ಚಟ್ನಿಗೆ ಹಾಕೂ ಪುಟಾಣಿ ಕಾಳು! ಹೊಸ ಗುಳಿಗಿ ಕೊಟ್ಟು ಕಳಿಸಿದೆ.

೨. ಖಾಲಿ ಚೀಲದ ತೂಕ

ಈಗ ನಮ್ಮ ಮನೀದು ಕೇಳ್ರಿ. ದೊಡ್ಡಪ್ಪ, ದೊಡ್ಡವ್ವನ್ನ ಕಾಶಿಗೆ ಕರಕೊಂಡು ಹೊಂಟಿದ್ದೆ. ದೊಡ್ಡವ್ವನ ಮೊಣಕಾಲು ಹಿಡಕೊಂಡು ಭಾಳ ದಿನ ಆಗಿತ್ತು. ಮುಂಜಾನಿ ಸಂಜಿ ತಾನ ಕಾಸಿದ ಎಣ್ಣಿ ತಿಕ್ಕಿದ್ರಷ್ಟ ಮಡಚತಿದ್ವು. ‘ಗಂಗಿ ಮೆಟ್ಟಲಾ ನನ್ನ ಕಾಲೀಲೆ ಇಳೀತೀನಿ. ಹೊತ್ತು ಇಳಿಸೂದಾದ್ರ ನಾ ಬರೂದ ಇಲ್ಲ’ ಅಂತ ಹಟ.

ವಿಮಾನ ನಿಲ್ದಾಣದಾಗ ದೊಡ್ಡಪ್ಪನ ಚೀಲ ಹದಿನೇಳು ಕೆಜಿ ತೂಗಿತು. ಕೌಂಟರಿನ ಹುಡುಗಿ ‘ಹದಿನೈದಕ್ಕಿಂತ ಜಾಸ್ತಿ ಬಿಡಲ್ಲ’ ಅಂದ್ಲು.

‘ಖಾಲಿ ಚೀಲದ ತೂಕ ಕಳದೀಯೇನವಾ? ಗಂಜ್ ಬಜಾರದಾಗ ತೊಗರಿ ತೂಗಿದ್ರ ಚೀಲದ ತೂಕ ಬಿಟ್ಟು ಹಿಡೀತಾರ. ಇದೆಂಥಾ ವ್ಯಾಪಾರ ನಿಮ್ಮದು?’

ಹುಡುಗಿ ಒಪ್ಪಲಿಲ್ಲ. ದೊಡ್ಡಪ್ಪ ಚೀಲ ಬಿಚ್ಚಿ ಕೌದಿ ಎಳದು ಹೊದ್ಕೊಂಡ. ಹದಿನಾಲ್ಕೂವರಿ! ‘ಮೈಮ್ಯಾಲಿನ ಅರಿವೀನೂ ತೂಗತೀಯೇನು?’ ಹುಡುಗಿ ನಕ್ಕೋತ ಚೀಟಿ ಅಂಟಿಸಿದ್ಲು.

೩. ಬಾಟ್ಲಿಗೆ ಬಾಗಲಾ ಬಂದ್

ತಪಾಸಣಿಯೊಳಗ ದೊಡ್ಡವ್ವನ ಕೈಚೀಲದಿಂದ ಅರ್ಧ ಲೀಟರ್ ಎಣ್ಣಿ ಬಾಟ್ಲಿ ಹೊರಗ ಬಂತು. ತಪ್ಪು ನಂದ. ‘ಔಷಧ ಎಲ್ಲಾ ಕೈಚೀಲದಾಗ ಇರಲಿ’ ಅಂದಾಂವ ನಾನು. ಆಕಿಗೆ ಎಣ್ಣೀನ ಔಷಧ.

‘ಇಷ್ಟು ಎಣ್ಣೆ ಒಳಗೆ ಬಿಡಲ್ಲಮ್ಮ. ಚೆಲ್ಲಿ’ ಅಂದ್ಲು ಪೊಲೀಸ್ ಹೆಣ್ಮಗಳು. ದೊಡ್ಡ ಚೀಲ ಆಗಲೇ ಹೋಗಿತ್ತು. ಎಣ್ಣಿ ಇಲ್ಲಂದ್ರ ಮೆಟ್ಟಲಾ ಇಲ್ಲ, ಮೆಟ್ಟಲಾ ಇಲ್ಲಂದ್ರ ಕಾಶಿ ಇಲ್ಲ.

‘ಬಾಟ್ಲ್ಯಾಗ ಒಯ್ಯಬಾರದು, ಹೌದಿಲ್ಲೋ?’ ಅಂದ್ಲು ದೊಡ್ಡವ್ವ.

‘ಹೌದು.’

ದೊಡ್ಡವ್ವ ಅಲ್ಲೇ ಕುಂತು ಎರಡೂ ಮೊಣಕಾಲಿಗೆ ತಿಕ್ಕಿಕೊಂಡ್ಲು. ಉಳದದ್ದನ್ನ ದೊಡ್ಡಪ್ಪ ಹೊದ್ದ ಕೌದಿಗೆ ಸುರುವಿದ್ಲು. ಐದಾರು ಹಳೇ ಸೀರಿ ಕೂಡಿಸಿ ಹೊಲಿದ ಕೌದಿ ಅದು, ಒಂದು ಹನಿ ಕೆಳಗ ಬೀಳಲಿಲ್ಲ. ಪೊಲೀಸಾಕಿ ಕೌದಿ ಮುಟ್ಟಿ ನೋಡಿದ್ಲು, ಮೂಸಿ ನೋಡಿದ್ಲು, ಸುಮ್ಮನ ತನ್ನ ಮೊಣಕಾಲಿಗೂ ಒಂದೀಟು ಒರಸಿಕೊಂಡ್ಲು. ‘ಹೋಗಿ ಬನ್ನಿ ಅಮ್ಮ’ ಅಂದ್ಲು.

ಕಾಶಿಯೊಳಗ ದಿನಾ ಎರಡು ಹೊತ್ತು ದೊಡ್ಡವ್ವ ಮೊಣಕಾಲಿಗೆ ಕೌದಿ ಸುತ್ತಿದ್ಲು. ಮೂರನೇ ದಿನ ಒಂದೊಂದ ಮೆಟ್ಟಲಾ ಎಣಿಸಿಕೋತ ಇಳದು ಗಂಗಿಯೊಳಗ ನಿಂತ್ಲು. ಯಾರ ಕೈನೂ ಹಿಡೀಲಿಲ್ಲ. ನನ್ನ ಕಣ್ಣಾಗ ನೀರು ಬಂತು, ಸುಳ್ಳ್ಯಾಕ ಹೇಳ್ಲಿ.

ದೊಡ್ಡಪ್ಪ ಮಾತ್ರ ಮ್ಯಾಲ ನಿಂತು ಒದರಿದ: ‘ನನ್ನ ಮೊಣಕಾಲು ಹಿಡದಾವ! ಹೆಂಗ ಇಳೀಲಿ?’

ದೊಡ್ಡವ್ವ ನೀರಾಗಿಂದ ಕೂಗಿದ್ಲು: ‘ಆ ಹೊಟ್ಟಿ ಐತೆಲ್ಲ, ಅದರ ತೂಕ ಕಳದು ಇಳೀರಿ!’