ಮುಜಿಯಮ್ಮನ ದರ್ಶನ

ಬೈಗುಳ ಬಾಯಿಂದ ಹೊರಬಿದ್ದ ಮೇಲೆ ಎಲ್ಲಿಗೆ ಹೋಗುತ್ತದೆ ಎಂದು ಬೈದವರು ಯೋಚಿಸುವುದಿಲ್ಲ. ನಾನಂತೂ ಯೋಚಿಸಿರಲಿಲ್ಲ. ಮೂವತ್ತಾರು ವರ್ಷ ಪ್ರಾಥಮಿಕ ಶಾಲೆಗಳಲ್ಲಿ ಕನ್ನಡ ಕಲಿಸಿದೆ. ಓದಲು ತಡವರಿಸಿದ ಹುಡುಗರಿಗೆಲ್ಲ ನನ್ನದು ಒಂದೇ ಮಾತು: "ದನಾ ಕಾಯಾಕ ಹೋಗಲೇ." ಇದರಲ್ಲಿ ನನ್ನ ಸ್ವಂತಿಕೆ ಏನೂ ಇಲ್ಲ. ನನ್ನ ಮಾಸ್ತರರು ನನಗೂ ಇದನ್ನೇ ಹೇಳಿದ್ದರು. ನಾನು ಹೋಗಲಿಲ್ಲ, ಏಕೆಂದರೆ ನಮ್ಮ ಮನೆಯಲ್ಲಿ ದನವಿರಲಿಲ್ಲ.

ನಿವೃತ್ತಿಯಾದರೂ ಕೆಂಪು ಪೆನ್ನು ನನ್ನ ಜೇಬು ಬಿಟ್ಟಿಲ್ಲ. ಅಂಗಡಿ ಬೋರ್ಡು, ಮದುವೆ ಕಾರ್ಡು, ಶ್ರದ್ಧಾಂಜಲಿ ಬ್ಯಾನರು, ಯಾವುದರಲ್ಲಿ ಕಾಗುಣಿತ ತಪ್ಪಿದ್ದರೂ ನನಗೆ ಅನ್ನ ಸೇರುವುದಿಲ್ಲ. "ಸತ್ತವರನ್ನರ ಬಿಡ್ರಿ" ಎನ್ನುತ್ತಾಳೆ ಹೆಂಡತಿ. ಮೊನ್ನೆ ಅಕ್ಕಿಆಲೂರಿನಲ್ಲಿ ಹಾನಗಲ್ಲಿನ ಬಸ್ಸಿಗೆ ಕಾಯುತ್ತಿದ್ದಾಗ ರಸ್ತೆಯಾಚೆಯ ತಗಡಿನ ಶೆಡ್ಡಿನ ಮೇಲೆ 'ಕವಬಾಯ ಮುಜಿಯಮ್ಮ' ಎಂದು ಬರೆದದ್ದು ಕಂಡಿತು. ಯಾವುದೋ ಗ್ರಾಮದೇವತೆ ಇರಬೇಕೆಂದು ಕೈ ಮುಗಿದೂಬಿಟ್ಟೆ. ಅದು ಕೌಬಾಯ್ ಮ್ಯೂಸಿಯಂ ಎಂದು ಹೊಳೆಯಲು ಒಂದು ನಿಮಿಷ ಹಿಡಿಯಿತು. ಹೊಳೆದ ಮೇಲೆ ತಿದ್ದದೆ ಬಸ್ಸು ಹತ್ತುವುದು ಹೇಗೆ?

ಒಳಗೆ ಕುದುರೆಯಿಲ್ಲ, ಟೊಪ್ಪಿಗೆಯಿಲ್ಲ. ಗೋಡೆ ತುಂಬ ದನದ ಗಂಟೆ, ಮೂಗುದಾರ, ಬಾರುಕೋಲು, ಹಬ್ಬದಲ್ಲಿ ಹೋರಿಯ ಬೆನ್ನಿಗೆ ಹೊದಿಸುವ ಬಣ್ಣದ ಜೂಲ. ಒಂದು ಗೂಟಕ್ಕೆ ಹರಕು ಕಂಬಳಿ. ಐವತ್ತು ದಾಟಿದವನೊಬ್ಬ ಎದ್ದು ಕೈಮುಗಿದ.

"ಬರ್ರಿ ಸರ. ನಾ ಫಕ್ಕೀರಪ್ಪ. ಹಳ್ಳಿ ಸಾಲ್ಯಾಗ ನಾಕನೇ ಇಯತ್ತೆ ನಿಮ್ಮ ಕೈಯಾಗ ಇದ್ದೆ."

ನೆನಪಾಗಲಿಲ್ಲ. ನೆನಪಾದಂತೆ ತಲೆಯಾಡಿಸಿದೆ. ಮಾಸ್ತರರಿಗೆ ಇದು ರೂಢಿ. ಬೋರ್ಡಿನ ಮಾತೆತ್ತಿದೆ.

"ಪೇಂಟರ್ ಹಿಂಗ ಇರ್ಲಿ ಅಂದಾನ್ರಿ. ದನಾ ಕಾಯೋರ ಸಾಮಾನು ಅಂತ ಬರದ್ರ ಯಾರೂ ಒಳಗ ಬರಂಗಿಲ್ಲಂತ."

ಟ್ರ್ಯಾಕ್ಟರ್ ಬಂದ ಮೇಲೆ ಜನ ದನ ಮಾರಿ ಮೂಲೆಗೆಸೆದದ್ದನ್ನೆಲ್ಲ ಫಕ್ಕೀರಪ್ಪ ಆಯ್ದು ತಂದಿದ್ದ. ಒಂದೊಂದೇ ಗಂಟೆ ಅಲುಗಿಸಿ, ಅದು ಯಾರ ಮನೆಯ ಯಾವ ಆಕಳ ಕೊರಳಲ್ಲಿತ್ತು ಎಂದು ಹೇಳುತ್ತ ಹೋದ. ಯಾವುದಕ್ಕೂ ಚೀಟಿ ಅಂಟಿಸಿರಲಿಲ್ಲ. ತಿದ್ದಲು ಏನೂ ಸಿಗದೆ ನನಗೆ ತುಸು ಬೇಸರವೇ ಆಯಿತು. ಕೊನೆಯ ಗೂಟದಲ್ಲಿ ಶಾಲೆಯ ಮಕ್ಕಳು ಬಳಪದಲ್ಲಿ ಬರೆಯುವ ಒಂದು ಒಡಕು ಪಾಟಿ ನೇತಾಡುತ್ತಿತ್ತು.

"ಇದ್ಯಾಕಪಾ ಇಲ್ಲಿ?"

"ಅದು ನಂದ್ರಿ. ಎಲ್ಲಾ ಅಲ್ಲಿಂದನ ಚಾಲೂ ಆತಲ್ರಿ. ನೀವು ಒಂದಿನ ನನಗ ದನಾ ಕಾಯಾಕ ಹೋಗು ಅಂದ್ರಿ. ಸಂಜೀಕ ಅಪ್ಪಗ ಹಂಗ ಹೇಳಿದೆ. ಮಾಸ್ತರು ಹೇಳ್ಯಾರಂದ್ರ ವಿಚಾರ ಮಾಡೇ ಹೇಳಿರ್ತಾರ ಅಂದಾ ಅಪ್ಪ. ಮರುದಿನದಿಂದ ಸಾಲಿ ಬಿಟ್ಟೆ."

ಆ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು, ಜಗಳವಾಡಿ ಬಸ್ಸು ಹತ್ತಬಹುದಿತ್ತು. ಬೈದವನು ಅಂದು ಉಂಡು ಮಲಗಿದ್ದ. ಬೈಸಿಕೊಂಡವರು ಅದನ್ನು ಸಲಹೆಯೆಂದು ತಿಳಿದು ತಲೆಯ ಮೇಲೆ ಹೊತ್ತಿದ್ದರು.

"ಬಂದೋರೆಲ್ಲ ಬರೀತಾರ್ರಿ" ಎಂದು ಫಕ್ಕೀರಪ್ಪ ಒಂದು ನೋಟುಬುಕ್ಕು ಮುಂದಿಟ್ಟ. ಬಾಯಲ್ಲಿ ಹೇಳಲು ಧೈರ್ಯ ಸಾಲದವರಿಗೆ ಬರವಣಿಗೆ ಒಳ್ಳೆಯ ಅನುಕೂಲ. ಕೆಂಪು ಪೆನ್ನಿನಲ್ಲಿ ನಾಲ್ಕು ಸಾಲು ಬರೆದೆ. 'ಫಕ್ಕೀರಪ್ಪ, ತಪ್ಪು ನಿನ್ನದಲ್ಲ. ಓದಲು ಕಲಿಸುವುದು ನನ್ನ ಕೆಲಸವಾಗಿತ್ತು. ಅದಾಗದೆ ನಿನ್ನನ್ನು ಬೈದೆ. ಕ್ಷಮಿಸು.'

"ನನಗ ಓದಾಕ ಬರಂಗಿಲ್ಲಲ್ರಿ" ಎಂದ ಫಕ್ಕೀರಪ್ಪ. "ನೀವ ಓದಿ ಹೇಳ್ರಿ."

"ಸಾಮಾನು ಭಾಳ ಚಲೋ ಅದಾವ ಅಂತ ಬರದೇನಿ" ಎಂದೆ.

ಆತ ಹಾಳೆಯನ್ನೇ ನೋಡಿದ. "ನಾಕ ಸಾಲು ಬರದ್ರಿ, ಒಂದ ಓದಿದ್ರಿ. ಉಳಿದ ಮೂರು ಎಲ್ಲಿ ಹೋದುವ್ರಿ ಸರ?"

ಸಂಜೆ ಕೊಟ್ಟಿಗೆಗೆ ಒಂದು ದನ ಕಡಿಮೆ ಬಂದರೂ ಬಿಡದ ಕಣ್ಣು ಅದು. ಓದತೊಡಗಿದೆ. ನನ್ನದೇ ಅಕ್ಷರ, ನನ್ನದೇ ಮಾತು. ಆದರೂ ಎರಡನೆಯ ಸಾಲಿಗೆ ದನಿ ಇಳಿಸಿ ತಡವರಿಸತೊಡಗಿದೆ.

"ಕೇಳಸವಲ್ದು. ಜೋರಾಗಿ ಓದ್ರಿ" ಎಂದ, ಮೆತ್ತಗೆ.

ಅಕ್ಷರಕ್ಕೆ ಅಕ್ಷರ ಕೂಡಿಸಿ ಹೇಗೋ ಮುಗಿಸಿದೆ. ಹೀಗೆ ತಡವರಿಸುವವರಿಗೆ ಏನು ಹೇಳಬೇಕೆಂದು ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ಫಕ್ಕೀರಪ್ಪ ಹಾಗೆ ಹೇಳಲಿಲ್ಲ, ಕುಡಿಯಲು ನೀರು ಕೊಟ್ಟ. ಹೇಳಿದ್ದರೂ ಉಪಯೋಗವಿರಲಿಲ್ಲ. ನನ್ನನ್ನು ನಂಬಿ ಈ ಸೀಮೆಯಲ್ಲಿ ಯಾರೂ ದನ ಬಿಡುವುದಿಲ್ಲ. ಮೂವತ್ತಾರು ವರ್ಷ ಮಕ್ಕಳನ್ನು ಬಿಟ್ಟಿದ್ದರು, ಅಷ್ಟೆ.