ಒದ್ದೆ ಟವೆಲ್ಲೂ ಒಂದು ಹಡಗೂ

"ಈ ಹಡಗಿನಿಂದ ಇಳಿಯೋ ತನಕ ಒಂದು ಕಡ್ಡಿಯನ್ನೂ ಎತ್ತಿಡೋದಿಲ್ಲ, ನೋಡ್ತಿರಿ!"

ಹೀಗೆಂದು ನಾನು ಘೋರ ಶಪಥ ಮಾಡಿದ್ದು ಹಡಗಿನ ಏಣಿಯ ಮೊದಲ ಮೆಟ್ಟಿಲ ಮೇಲೆ, ನಮ್ಮ ಮನೆಯವರ ಎದುರಿಗೆ. ಅವರು ಪಕಪಕ ನಕ್ಕರು.

"ನೀನಾ? ಲೇ, ನೆಂಟರ ಮನೆಗೆ ಹೋದ್ರೆ ಬಾಗಿಲಲ್ಲಿರೋ ಚಪ್ಪಲಿನೆಲ್ಲಾ ಸಾಲಾಗಿ ಜೋಡಿಸಿ ಒಳಗೆ ಬರೋಳು ನೀನು!"

"ಹಾಗಾದ್ರೆ ಪಂತ ಕಟ್ಟಿ."

"ಕಟ್ಟಿದೆ. ಏನು ಬೇಕು ಕೇಳು."

ನಾನು ಬಂಗಾರ ಕೇಳಲಿಲ್ಲ. ನಮ್ಮವರು ಸ್ನಾನವಾದ ಮೇಲೆ ಒದ್ದೆ ಟವೆಲ್ಲನ್ನು ಹಾಸಿಗೆಯ ಮೇಲೆ ಎಸೆಯುತ್ತಾರೆ. ಮದುವೆಯಾದ ಮರುದಿನದಿಂದಲೇ ಎಸೆಯುತ್ತಿದ್ದಾರೆ. ಗದರಿ ನೋಡಿದೆ, ಅತ್ತು ನೋಡಿದೆ, ಮಾತು ಬಿಟ್ಟು ನೋಡಿದೆ. ಗೋಡೆಗೆ ಮೊಳೆ ಹೊಡೆಸಿದೆ. ಆ ಮೊಳೆಗೆ ಅವರು ಕ್ಯಾಲೆಂಡರ್ ತೂಗುಹಾಕಿದರು!

"ನಾನು ಗೆದ್ದರೆ ಬದುಕಿರೋ ತನಕ ನಿಮ್ಮ ಟವೆಲ್ಲು ನೀವೇ ಒಣಗಿ ಹಾಕ್ಬೇಕು" ಎಂದೆ.

"ಸೋತ್ರೆ?"

"ಆ ಟವೆಲ್ಲಿನ ಸುದ್ದಿಗೆ ಇನ್ನು ಬಾಯೇ ಬಿಡೋದಿಲ್ಲ."

ಅವರ ಮುಖ ಅರಳಿತು. ಒಂದು ಕಡೆ ಅವರ ಟವೆಲ್ಲು, ಇನ್ನೊಂದು ಕಡೆ ನನ್ನ ಬಾಯಿ. ಇದಕ್ಕಿಂತ ಸಣ್ಣ ಕಾರಣಕ್ಕೆ ರಾಜರು ಯುದ್ಧ ಮಾಡಿದ್ದಾರಂತೆ. ಮುಂದೆ ಗೈಡ್ ಹೇಳಿದ ಕಥೆಗಳಿಂದ ಗೊತ್ತಾಯಿತು.

ಮಗಳು ಆಸೆಪಟ್ಟು ಕಳಿಸಿದ ಪ್ರವಾಸ ಅದು. ಒಂದು ಬಸ್ಸಿನಷ್ಟು ಜನ ಹಿಡಿಸುವ ಪುಟ್ಟ ಹಡಗು. ಹಳೆಯ ಬಂದರು, ಕೋಟೆ ಇರುವ ದ್ವೀಪ, ದೀಪಸ್ತಂಭ ಎಂದು ಒಂದೊಂದೇ ತೋರಿಸಿಕೊಂಡು ತೇಲುತ್ತಿತ್ತು. ನಮ್ಮವರು ಬಸ್ಸಿನ ಕಂಡಕ್ಟರ್ ಆಗಿ ನಿವೃತ್ತರಾದವರು. ಹತ್ತಿದ ಗಳಿಗೆಯಿಂದ ಈ ಹಡಗಿಗೂ ತಾವೇ ಕಂಡಕ್ಟರ್ ಎಂಬ ಗತ್ತು! ಮೊದಲ ದಿನ ಎಲ್ಲರನ್ನೂ ಮೇಲೆ ಕರೆದು ಹಡಗಿನ ನಿಯಮ ಹೇಳಿದರಂತೆ. ನಾನು ಕೆಳಗೆ ಕೋಣೆಯಲ್ಲಿ ಮಂಡಿಗೆ ಮುಲಾಮು ಹಚ್ಚಿಕೊಳ್ಳುತ್ತಿದ್ದೆ.

"ಏನು ಹೇಳಿದ್ರು ರೀ?" ಎಂದು ಕೇಳಿದೆ.

"ನಿನಗೆ ಬೇಕಾದ್ದೇನೂ ಇಲ್ಲ. ನಿನ್ನದೂ ನಾನೇ ನೋಡ್ಕೋತೀನಿ. ನೀನು ಏನೂ ಮುಟ್ಟಬೇಡ, ಅಷ್ಟೇ."

ಮುಟ್ಟಲಿಲ್ಲ! ಕೈ ಎರಡನ್ನೂ ಮಡಿಲಲ್ಲಿ ಕಟ್ಟಿಹಾಕಿಕೊಂಡು ಕೂತೆ. ನಮ್ಮವರು ದಿನಾ ಸ್ನಾನ ಮಾಡಿ ಬಂದು, ನನ್ನ ಮುಖವನ್ನೇ ನೋಡುತ್ತಾ ಟವೆಲ್ಲನ್ನು ನನ್ನ ಮಗ್ಗುಲಿಗೇ ಗುರಿಯಿಟ್ಟು ಎಸೆಯುತ್ತಿದ್ದರು. ನಾನು ಎತ್ತಲಿಲ್ಲ, ತೇವದ ಮೇಲೇ ಮಲಗಿದೆ. ಊಟದ ಕೋಣೆಯಲ್ಲಿ ಕುರ್ಚಿಗಳು ಸೊಟ್ಟಗೆ ನಿಂತಿದ್ದರೆ ಕಣ್ಣು ಮುಚ್ಚಿಕೊಂಡೆ. ಒಂದು ದ್ವೀಪದಲ್ಲಿ ಗೈಡ್ ಎದೆಯುಬ್ಬಿಸಿ, "ಈ ಅರಮನೆ ಕಟ್ಟಿ ನಾನೂರು ವರ್ಷ!" ಎಂದ. ಗುಡಿಸಿ ಎಷ್ಟು ವರ್ಷವಾಯಿತೆಂದು ಹೇಳಲಿಲ್ಲ. ಅಲ್ಲಿ ಮೂಲೆಯಲ್ಲೇ ಒಂದು ಪೊರಕೆ ಇತ್ತು. ಅದನ್ನೂ ಮುಟ್ಟದೆ ಬಂದೆನೆಂದರೆ ನನ್ನ ಸಂಯಮ ಎಂಥದ್ದು, ನೀವೇ ಲೆಕ್ಕ ಹಾಕಿ!

ಕೊನೆಯ ದ್ವೀಪ ಬಂತು. ಹಡಗು ನೀರಲ್ಲೇ ಲಂಗರು ಹಾಕಿ ನಿಂತಿತು. ಜನ ಸಣ್ಣ ದೋಣಿಯಲ್ಲಿ ಕೋಟೆ ನೋಡಲು ಹೋದರು, ನಮ್ಮವರೂ ಹೋದರು. ಮೆಟ್ಟಿಲು ಜಾಸ್ತಿ ಎಂದು ನಾನು ಉಳಿದೆ. ಸಮುದ್ರ ಹಾಸಿಟ್ಟ ಚಾದರದ ಹಾಗಿತ್ತು, ಒಂದು ಮಡಿಕೆ ಇಲ್ಲ. ಮಧ್ಯಾಹ್ನ ಇಳಿಯುವ ಹೊತ್ತಿಗೆ ಒಂದೊಂದು ದೋಣಿಯಾಗಿ ಜನ ವಾಪಸಾದರು. ನಾನು ಕಾಲು ಸಡಿಲಿಸಲೆಂದು ಏಣಿಯ ಹತ್ತಿರ ಹೋದೆ.

ಅಲ್ಲೊಂದು ಹಲಗೆ. ಹಲಗೆಯ ತುಂಬ ಮೊಳೆಗಳು, ಮೊಳೆಗೊಂದು ಬಿಲ್ಲೆ. ಎಲ್ಲವೂ ಬೆಳ್ಳಗೆ, ಚೆಂದಾಗಿ ಸಾಲಾಗಿ ನೇತಾಡುತ್ತಿವೆ. ನಡುವೆ ಮೂರೇ ಮೂರು ಕೆಂಪು! ತಿರುಗಿಸಿ ನೋಡಿದೆ, ಅವುಗಳ ಬೆನ್ನೂ ಬಿಳಿಯೇ. ಯಾರೋ ಸೋಮಾರಿಗಳು ಉಲ್ಟಾ ಹಾಕಿ ಹೋಗಿದ್ದಾರೆ! ಅಕ್ಕಿಯಲ್ಲಿ ಕಲ್ಲು ಕಂಡ ಹಾಗೆ ನನ್ನ ಬೆರಳು ತುರಿಸಿದವು. ಹಿಂದೆ ನೋಡಿದೆ, ಮುಂದೆ ನೋಡಿದೆ. ಯಾರೂ ಇಲ್ಲ. ಟಕ್, ಟಕ್, ಟಕ್! ಮೂರನ್ನೂ ತಿರುಗಿಸಿದೆ. ಆಹಾ, ಎಂಥಾ ಸಾಲು! ಎಷ್ಟೋ ದಿನದ ಮೇಲೆ ಹೊಟ್ಟೆ ತಣ್ಣಗಾಯಿತು.

ಸ್ವಲ್ಪ ಹೊತ್ತಿಗೆ ದಪ್ಪ ಮೀಸೆಯ ನಾವಿಕ ಬಂದ. ಹಲಗೆಯನ್ನೊಮ್ಮೆ ನೋಡಿ ಮೇಲಕ್ಕೆ ಕೂಗಿದ, "ಎಲ್ಲಾ ಬಿಳಿ ಕ್ಯಾಪ್ಟನ್! ಹೊರಡಬಹುದು!"

ದೋಣಿ ಮೇಲೆತ್ತಿದರು, ಲಂಗರು ಎಳೆದರು. ನಾನು ಕುರ್ಚಿಯಲ್ಲಿ ಕೂತು ಚಹಾ ಕುಡಿದೆ. ಎಂದೂ ಇಲ್ಲದ ನೆಮ್ಮದಿ. ಗಾಳಿ ಇಷ್ಟು ಹಿತವಾಗಿದೆ, ಯಾಕಿರಬಹುದು ಎಂದುಕೊಂಡೆ. ಚಹಾಕ್ಕೆ ಸಕ್ಕರೆ ಸಾಲದು ಎನ್ನುವವರು ಪಕ್ಕದಲ್ಲಿಲ್ಲ, ಅದಕ್ಕೆ! ಬಂದವರೇ ಸ್ನಾನಕ್ಕೆ ಹೋಗಿರಬೇಕೆಂದು ಕೋಣೆಗೆ ಇಳಿದೆ.

ಹಾಸಿಗೆ ಒಣಗಿತ್ತು.

ಒಣ ಹಾಸಿಗೆ! ನಮ್ಮವರು ಹಡಗಿನಲ್ಲಿದ್ದು ಹಾಸಿಗೆ ಒಣಗಿರುವುದು ಸಾಧ್ಯವೇ ಇಲ್ಲ! ಮಂಡಿನೋವೆಲ್ಲ ಮರೆತು ಮೇಲಕ್ಕೆ ಓಡಿದೆ.

"ಅಪ್ಪಾ, ನಮ್ಮನೆಯವರು ಹಡಗಲ್ಲಿಲ್ಲ!"

"ಇರ್ತಾರೆ ಅಮ್ಮಾ" ಎಂದ ಮೀಸೆಯವನು. "ಹಲಗೆ ಸುಳ್ಳು ಹೇಳಲ್ಲ."

ಅಷ್ಟರಲ್ಲಿ ನೀರಿನ ಮೇಲೆ ತೇಲಿಕೊಂಡು ಬಂತು ಒಂದು ಧ್ವನಿ. ನೂರಾರು ಬಸ್ಸು ನಿಲ್ಲಿಸಿದ ಧ್ವನಿ.

"ಹೋಲ್ಡಾ...ನ್! ಹೋಲ್ಡಾ...ನ್!"

ಕೋಟೆಯ ಗೋಡೆಯ ಮೇಲೆ ನಮ್ಮವರು! ಬಸ್ಸಿನ ತಗಡು ಬಡಿಯುವ ಹಾಗೆ ಹಳೆಯ ಫಿರಂಗಿಯನ್ನು ದಬದಬ ಬಡಿಯುತ್ತಿದ್ದರು. ಜೀವಮಾನವೆಲ್ಲಾ ಓಡಿ ಬರುವವರನ್ನು ಬಿಟ್ಟು "ರೈಟ್ ರೈಟ್" ಎಂದವರಿಗೆ ಸಮುದ್ರದಲ್ಲಿ ಬಸ್ಸು ತಪ್ಪಿತ್ತು!

ಹಡಗು ನಿಂತಿತು. ದೋಣಿ ಹೋಗಿ ಅವರನ್ನು ಕರೆತಂದಿತು. ಅವರ ಹಿಂದೆಯೇ ಹೊಸದಾಗಿ ಮದುವೆಯಾದ ಒಂದು ಜೋಡಿ ಏಣಿ ಹತ್ತಿ ಬಂತು. ಹಡಗು ಹೋಗಿದ್ದೂ, ತಿರುಗಿ ಬಂದಿದ್ದೂ ಆ ಇಬ್ಬರಿಗೆ ಇನ್ನೂ ಗೊತ್ತಾದಂತಿರಲಿಲ್ಲ.

ಕ್ಯಾಪ್ಟನ್ ಮುಖ ಮಾತ್ರ ಕಪ್ಪಿಟ್ಟಿತ್ತು. ಮೀಸೆಯವನನ್ನು ಎಲ್ಲರ ಮುಂದೆ ನಿಲ್ಲಿಸಿದರು.

"ತಲೆಗೊಂದು ಬಿಲ್ಲೆ. ದಡಕ್ಕೆ ಹೋಗೋವಾಗ ಕೆಂಪು, ವಾಪಸ್ ಬಂದಾಗ ಬಿಳಿ. ಜನರ ಜೀವ ಈ ಬಿಲ್ಲೆ ಮೇಲಿದೆ. ಅದನ್ನೂ ನೋಡೋಕೆ ಬರಲ್ವಾ ನಿನಗೆ? ಮುಂದಿನ ಬಂದರಲ್ಲಿ ಇಳಿದು ಮನೆಗೆ ಹೋಗು!"

"ಎಲ್ಲಾ ಬಿಳಿ ಇತ್ತು ಕ್ಯಾಪ್ಟನ್, ಮಕ್ಕಳಾಣೆ!" ಎಂದ. ಅಷ್ಟು ದಪ್ಪ ಮೀಸೆ ನಡುಗುತ್ತಿತ್ತು.

ಭೂಮಿ ಬಾಯ್ಬಿಟ್ಟು ನನ್ನನ್ನು ನುಂಗಬಾರದೇ ಎನ್ನೋಣವೆಂದರೆ, ಸುತ್ತ ಭೂಮಿಯೇ ಇರಲಿಲ್ಲ! ಹಲಗೆ ಮುಟ್ಟಿದ್ದನ್ನು ಯಾರೂ ನೋಡಿಲ್ಲ. ಮನೆಗೆ ಹೋಗುವುದಕ್ಕೆ ಉಳಿದಿರುವುದು ನಾಳೆ ಒಂದು ದಿನ. ಸುಮ್ಮನಿದ್ದರೆ ಬದುಕಿರುವ ತನಕ ಒಣ ಹಾಸಿಗೆ. ಆ ಮೀಸೆಯನ್ನೊಮ್ಮೆ ನೋಡಿದೆ. ಇವನು ಹೀಗೆ ಮನೆಗೆ ಹೋದರೆ, ಎಂಥಾ ಒಣ ಹಾಸಿಗೆಯಲ್ಲೂ ನನಗೆ ನಿದ್ದೆ ಬಾರದು.

"ಅವನನ್ನು ಬಯ್ಯಬೇಡಪ್ಪ" ಎಂದೆ. "ತಿರುಗಿಸಿದ್ದು ನಾನು."

"ನೀವಾ ಅಜ್ಜಿ? ಯಾಕೆ?"

"ಸಾಲು ಕೆಟ್ಟಿತ್ತು."

ಎಲ್ಲರೂ ಹಡಗೇ ಅಲ್ಲಾಡುವಂತೆ ನಕ್ಕರು. ಕ್ಯಾಪ್ಟನ್ ಕೂಡ ಬೆನ್ನು ತಿರುಗಿಸಿ ನಕ್ಕರು. ಮೀಸೆಯವನು ನನಗೆ ಕೈ ಮುಗಿದ. ನಮ್ಮವರೊಬ್ಬರೇ ಕುಣಿದರು. ದ್ವೀಪದಲ್ಲಿ ಬಿಟ್ಟುಹೋದ ಸಿಟ್ಟು ಎಲ್ಲಿ ಹೋಯಿತೋ!

"ಮುಟ್ಟಿದೆ ಅಂತ ಒಪ್ಕೊಂಡ್ಳು! ಇಡೀ ಹಡಗೇ ಸಾಕ್ಷಿ!"

"ನೀವು ಅಲ್ಲೇನು ಮಾಡ್ತಿದ್ರಿ, ಎಲ್ಲರೂ ಬಂದ ಮೇಲೆ?"

"ಫಿರಂಗಿ ನೆರಳಲ್ಲಿ ಒಂಚೂರು ಕಣ್ಣು ಹತ್ತಿತ್ತು. ಆ ಮಾತು ಬಿಡು. ಗೆದ್ದೋನು ಯಾರು?"

ಆ ಸಂಜೆ ಅವರು ಸ್ನಾನ ಮಾಡಿ ಬಂದು, ವಿಜಯಪತಾಕೆ ಹಾಸುವಂತೆ ಟವೆಲ್ಲನ್ನು ಹಾಸಿಗೆಯುದ್ದಕ್ಕೂ ಹಾಸಿದರು. ನಾನು ಬಾಯಿ ಬಿಡಲಿಲ್ಲ.

ಮರುದಿನ ಬೆಳಿಗ್ಗೆ ಚಹಾ ಕುಡಿದು ಕೋಣೆಗೆ ಬಂದೆ. ಗೋಡೆಯ ಮೊಳೆಯ ಮೇಲೆ, ಹಡಗಿನವರು ಇಬ್ಬರಿಗೂ ಕೊಟ್ಟಂಥ ಬಿಳಿ ಟವೆಲ್ಲು! ಅಂಚಿಗೆ ಅಂಚು ಸೇರಿಸಿ ಒಣಗಿ ಹಾಕಿದೆ. ಗೆದ್ದರೂ ಸೋತವಳ ಮನಸ್ಸು ನೋಡಿದರಲ್ಲ! ಹಾಗೇ ಹಾಸಿಗೆಯ ಮೇಲೆ ಕೂತುಬಿಟ್ಟೆ. ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಅವರೇ ಬಂದರು.

"ಯಾಕೇ ಅಳ್ತಿದ್ದೀಯ?"

"ಏನಿಲ್ಲ ರೀ. ಪಂತ ಗೆದ್ದರೂ ಟವೆಲ್ಲು ಒಣಗಿ ಹಾಕಿದ್ರಲ್ಲ..."

"ನಾನಾ? ಅದು ನಿನ್ನದಲ್ವೇನೇ! ನಿನ್ನೆ ನೀನೇ ಹಾಕಿದ್ದು."

ಹಾಗಾದರೆ ನಿಮ್ಮದೆಲ್ಲಿ ಎಂದು ಕೇಳಬೇಕಾಗಲಿಲ್ಲ. ಕೂತಲ್ಲೇ ಸೀರೆಗೆ ತೇವ ತಣ್ಣಗೆ ಏರತೊಡಗಿತ್ತು. ಬಾಯಿ ತೆರೆದೆ. ಪಂತ ನೆನಪಾಯಿತು. ಮುಚ್ಚಿದೆ!